ಹಳಿ ಪಕ್ಕದ ಸರ್ವೆ: ಬೇಲಿಯ ಈಚೆಯಿಂದಲೇ ಅಳೆಯಿರಿ
ರೈಲು ಹಳಿಗೆ ತಾಗಿದ ಜಮೀನು ಅಳೆಯುವಾಗ ಪ್ರಿಸಂ (ಕಿರಣವನ್ನು ವಾಪಸ್ ಕಳಿಸಲು ಗುರಿಯ ಬಳಿ ಹಿಡಿಯುವ ಗಾಜು) ಬೇಡದ ಟೋಟಲ್ ಸ್ಟೇಷನ್ನನ್ನು (ಕೋನ, ದೂರ ಎರಡನ್ನೂ ಅಳೆಯುವ ಉಪಕರಣ) ರೈಲ್ವೆ ಬೇಲಿಯ ಈಚೆ ಎರಡು ಕಡೆ ನಿಲ್ಲಿಸಿ, ಹಳಿಯ ಅವೇ ಬಿಂದುಗಳನ್ನು ಎರಡೂ ಕಡೆಯಿಂದ ಹಿಡಿಯಿರಿ. ಲೇಸರ್ ನೇರ ವಸ್ತುವಿಗೇ ಬಡಿದು ವಾಪಸ್ ಬರುವುದರಿಂದ ಹಳಿಯ ಮೇಲೆ ಯಾರೂ ನಿಲ್ಲಬೇಕಿಲ್ಲ. ಎರಡು ಕಡೆಯ ಲೆಕ್ಕ ತಾಳೆಯಾದರೆ ಅಳತೆಯ ಮೇಲೆ ಭರವಸೆಯೂ ಬರುತ್ತದೆ. ಚಕ್ರ ಉಜ್ಜಿ ಹೊಳೆಯುವ ಹಳಿಯ ತಲೆಗೆ ಕಿರಣ ತೀರಾ ಓರೆಯಾಗಿ ಬಿದ್ದರೆ ಮಾತ್ರ ಇದು ಕೈಕೊಡುತ್ತದೆ: ರೀಡಿಂಗ್ ಬರುವುದೇ ಇಲ್ಲ, ಇಲ್ಲವೇ ಹಿಂದಿನ ಜಲ್ಲಿಯ ದೂರ ತೋರಿಸುತ್ತದೆ. ಆಗ ತುಕ್ಕು ಹಿಡಿದ ಬದಿಯನ್ನು ಗುರಿಯಾಗಿಸಿ. ನೆತ್ತಿ ಸುಡುವ ಬಿಸಿಲಲ್ಲಿ ಹಳಿಯ ಮೇಲಿನ ಗಾಳಿ ನಡುಗಿ ಗುರಿ ಅಲುಗಾಡಿದಂತೆ ಕಾಣುತ್ತದೆ, ಬೆಳಗ್ಗೆಯೇ ಮುಗಿಸುವುದು ವಾಸಿ. ಒಳಗೆ ಹೋಗಲೇಬೇಕಾದರೆ, ಸರ್ವೆಯರಿಗೆ ಕಾನೂನು ಕೊಟ್ಟ ಪ್ರವೇಶದ ಹಕ್ಕೊಂದನ್ನೇ ನಂಬಿ ಇಳಿಯಬೇಡಿ; ಆ ಹಕ್ಕು ರೈಲನ್ನು ನಿಲ್ಲಿಸುವುದಿಲ್ಲ. ರೈಲ್ವೆಯ ಲಿಖಿತ ಅನುಮತಿ, ಜೊತೆಗೆ ರೈಲು ಬರುವುದನ್ನಷ್ಟೇ ನೋಡುವ ಒಬ್ಬ ಕಾವಲುಗಾರ, ಎರಡೂ ಇರಲಿ. ಉಕ್ಕಿನ ಟೇಪನ್ನು ಎರಡು ಹಳಿಗಳಿಗೆ ಅಡ್ಡಲಾಗಿ ಎಳೆಯಲೇಬೇಡಿ, ಟ್ರ್ಯಾಕ್ ಸರ್ಕ್ಯೂಟ್ (ಹಳಿಗಳಲ್ಲಿ ವಿದ್ಯುತ್ ಹರಿಸಿ ರೈಲು ಇರುವುದನ್ನು ಪತ್ತೆಹಚ್ಚುವ ವ್ಯವಸ್ಥೆ) ಇದ್ದಲ್ಲಿ ಹಳಿಯ ಮೇಲೆ ರೈಲು ಇದೆಯೆಂದೇ ಭಾವಿಸಿ ಸಿಗ್ನಲ್ ಕೆಂಪಾಗಬಹುದು. ಮೇಲೆ 25,000 ವೋಲ್ಟ್ ತಂತಿಯಿದ್ದರಂತೂ ಅಲ್ಯೂಮಿನಿಯಂ ಸ್ಟಾಫ್ (ಎತ್ತರ ಅಳೆಯುವ ಉದ್ದ ಅಳತೆಕೋಲು) ಎತ್ತಲೇಬಾರದು, ತಂತಿಗೆ ತಾಗದೆ ಹತ್ತಿರ ಹೋದರೂ ವಿದ್ಯುತ್ ಹಾರುತ್ತದೆ.