ಅಳಿಸಿದ್ದು 100, ಉಳಿದದ್ದು ಪ್ರತಿ ಸಲವೂ 38

ನಮ್ಮ ಲಿನಕ್ಸ್ ಫೈಲ್‌ಸಿಸ್ಟಂ ಮಾಡ್ಯೂಲಿನ ಮೇಲೆ ಉಬುಂಟುವಿನ ಆರ್‌ಎಂ (ಫೈಲು ಅಳಿಸುವ ಆದೇಶ) ಸಲೀಸಾಗಿ ನಡೆಯುತ್ತಿತ್ತು. ಅದೇ ಡೈರೆಕ್ಟರಿಯನ್ನು ಆಲ್ಪೈನ್ ಎಂಬ ಪುಟ್ಟ ಲಿನಕ್ಸಿನ ಕಂಟೈನರಿನಿಂದ ಅಳಿಸಿದರೆ ‘ಡೈರೆಕ್ಟರಿ ಖಾಲಿಯಿಲ್ಲ’. ನೋಡಿದವರೆಲ್ಲ ಹೇಳಿದ್ದು ರೇಸ್ ಕಂಡಿಷನ್ (ಎರಡು ಕೆಲಸ ಒಟ್ಟಿಗೆ ನುಗ್ಗಿ ಆಗುವ ಎಡವಟ್ಟು), ಲಾಕ್ ಸರಿಯಿಲ್ಲ ಅಂತ. ಕ್ಲೌಡ್ ಮಷೀನು ಬಾಡಿಗೆಗೆ ಹಿಡಿದು ಅಂಥ ತಪ್ಪು ಹಿಡಿಯುವ ಲಾಕ್‌ಡೆಪ್, ಕೆಸಿಸ್ಯಾನ್ ಓಡಿಸಿದ್ದಕ್ಕೆ ಆರೇಳು ಸಾವಿರ ರೂಪಾಯಿ ಕೈಬಿಟ್ಟಿತು, ಸಿಕ್ಕಿದ್ದು ಸೊನ್ನೆ. ಮುಂದಿನದೆಲ್ಲ ಹಳೇ ಲ್ಯಾಪ್‌ಟಾಪಿನ ಕ್ಯೂಎಮು ಎಂಬ ವರ್ಚುವಲ್ ಮಷೀನಿನಲ್ಲೇ, ಬಿಟ್ಟಿ.

ರೇಸ್ ಆಗಿದ್ದರೆ ಉಳಿಕೆ ಏರುಪೇರಾಗಬೇಕಿತ್ತು. ಎಂಟಕ್ಷರದ ಹೆಸರಿನ 100 ಫೈಲಿಗೆ ಪ್ರತಿ ಸಲವೂ 38 ಉಳಿದರೆ ಅದು ಲೆಕ್ಕದ ತಪ್ಪು. ಆಲ್ಪೈನ್ ಬಳಸುವ ಮಸಲ್ ಎಂಬ ಸಿ ಲೈಬ್ರರಿಯ ಡೈರೆಕ್ಟರಿ ಬಫರ್ 2048 ಬೈಟು. ಒಂದು ನಮೂದಿಗೆ ತಲೆಭಾಗ 19, ಹೆಸರು 8, ಕೊನೆಯ ಸೊನ್ನೆ 1; 8ರ ಗುಣಕಕ್ಕೆ ಏರಿಸಿದರೆ 32. ಚುಕ್ಕೆ (ಇದೇ ಡೈರೆಕ್ಟರಿ), ಜೋಡಿಚುಕ್ಕೆ (ಮೇಲಿನ ಡೈರೆಕ್ಟರಿ) ನಮೂದುಗಳಿಗೆ ತಲಾ 24. ಹಾಗಾಗಿ ಮೊದಲ ಗೆಟ್‌ಡೆಂಟ್ಸ್64 (ಕರ್ನಲ್‌ನಿಂದ ಪಟ್ಟಿ ತರುವ) ಕರೆಗೆ ಹಿಡಿಸುವುದು 62 ಫೈಲು. ಆಲ್ಪೈನಿನ ಆರ್‌ಎಂ ಬರುವುದು ಬ್ಯುಸಿಬಾಕ್ಸಿನಿಂದ, ಅದು ಓದುತ್ತಲೇ ಅಳಿಸುತ್ತದೆ. ಎಲ್ಲಿವರೆಗೆ ಓದಿದೆ ಅನ್ನುವ ನಮ್ಮ ಗುರುತು, ಅಂದರೆ ಪಾಸ್ (pos), ಬರೀ ಕ್ರಮಸಂಖ್ಯೆಯಾಗಿತ್ತು: 62 ಹೋದ ಮೇಲೆ ಉಳಿದ 38 ಮುಂದಕ್ಕೆ ಜರುಗುತ್ತವೆ, ಕರ್ನಲ್ 62ರಾಚೆ ಹುಡುಕಿ ‘ಮುಗಿಯಿತು’ ಅನ್ನುತ್ತದೆ. ಜಿಎನ್‌ಯು ಆರ್‌ಎಂ ಮೊದಲು ಹೆಸರುಗಳನ್ನು ಓದಿಟ್ಟುಕೊಂಡು ಆಮೇಲೆ ಅಳಿಸುವುದರಿಂದ ಉಬುಂಟುವಿನಲ್ಲಿ ಬಗ್ ಮುಚ್ಚಿಹೋಗಿತ್ತು.

ಮೊದಲ ಮದ್ದಾಗಿ, ಡೈರೆಕ್ಟರಿ ಓಪನ್ ಆದಾಗಲೇ ಪಟ್ಟಿಯ ನಕಲು ತೆಗೆದಿಟ್ಟೆ. ಮೆಮೊರಿ ತಿಂದದ್ದು ಹಾಗಿರಲಿ, ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲು ಹಂಚುವ) ಸರ್ವರ್ ಪ್ರತಿ ಕರೆಗೂ ಡೈರೆಕ್ಟರಿಯನ್ನು ಹೊಸದಾಗಿ ತೆರೆದು ಕುಕಿ (ಹಿಂದೆ ನಿಂತ ಜಾಗದ ಪಾಸ್) ಹಿಡಿದು ಮುಂದುವರಿಯುವುದರಿಂದ ನಕಲು ಉಪಯೋಗಕ್ಕೇ ಬರಲಿಲ್ಲ. ಹೆಸರಿನಿಂದ ಲೆಕ್ಕಹಾಕಿದ ಹ್ಯಾಶ್ ಸಂಖ್ಯೆಯನ್ನೇ ಪಾಸ್ ಆಗಿ ಇಟ್ಟರೆ, ಹ್ಯಾಶ್ ಒಂದೇ ಆದ ಎರಡು ಫೈಲಲ್ಲಿ ಒಂದು ಮಾಯ.

ಕೊನೆಗೆ ನಿಂತದ್ದು ಇದು: ಫೈಲು ಹುಟ್ಟುವಾಗಲೇ ಏರುಸಂಖ್ಯೆ ಕೊಡುವುದು, ಅದನ್ನು ಮತ್ತೆ ಬಳಸದಿರುವುದು. 0 ಮತ್ತು 1 ಚುಕ್ಕೆಗಳಿಗೆ, ಫೈಲುಗಳಿಗೆ 2ರಿಂದ. ಓದುವಾಗ ಪಾಸ್‌ಗೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆ ಹುಡುಕಬೇಕು. ನಮೂದನ್ನು ಬಫರಿಗೆ ಹಾಕುವ ಡಿರ್_ಎಮಿಟ್ ಸುಳ್ಳು (false, ಅಂದರೆ ಜಾಗವಿಲ್ಲ) ಕೊಟ್ಟರೆ ಪಾಸ್ ಮುಟ್ಟದೆ ಹೊರಬನ್ನಿ. ಮೊದಲೇ ಏರಿಸಿದರೆ ಪ್ರತಿ ಬಫರಿನ ಅಂಚಿನಲ್ಲಿ ಒಂದು ಫೈಲು ಕಾಣೆ. ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಂ ಟಿಎಂಪಿಎಫ್‌ಎಸ್ ಕೂಡ ಲಿನಕ್ಸ್ 6.6ರಲ್ಲಿ ಇಂಥದೇ ಜಾಡು ಹಿಡಿದಿದೆ. ಸಂಖ್ಯೆ 2147483647 ದಾಟಿದರೆ ಹಳೇ 32 ಬಿಟ್ ಪ್ರೋಗ್ರಾಂಗಳು ಇಓವರ್‌ಫ್ಲೋ (ಸಂಖ್ಯೆ ಹಿಡಿಸಲಿಲ್ಲ) ಅಂತ ಕೂಗುತ್ತವೆ. ಡಿಸ್ಕಿನ ಹಳೇ ನಮೂದಿನಲ್ಲಿ ಈ ಸಂಖ್ಯೆಗೆ ಜಾಗ ಎಲ್ಲಿ ಹೊಂದಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇದಕ್ಕೂ ಒಂದು ಕಾಟವಿತ್ತು. ಓದುತ್ತ ಓದುತ್ತ ಫೈಲುಗಳ ಹೆಸರು ಬದಲಿಸಿದರೆ ಪ್ರತಿಯೊಂದೂ ಹೊಸ ಸಂಖ್ಯೆ ಪಡೆದು ಬಾಲಕ್ಕೆ ಸೇರುತ್ತದೆ, ಪಟ್ಟಿ ಮುಗಿಯುವುದೇ ಇಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂಗೆ 2023ರಲ್ಲಿ ಹಾಕಿದ ಮದ್ದೇ ಇಲ್ಲೂ ಹಿಡಿಯಿತು: ಓಪನ್ ಆದಾಗಿನ ಕೊನೆಯ ಸಂಖ್ಯೆ ಗುರುತಿಟ್ಟುಕೊಂಡು ಅದರಾಚೆ ಓದದಿರುವುದು, ಮತ್ತೆ ಮೊದಲಿಂದ ಓದಿಸುವ ರಿವೈಂಡ್‌ಡಿರ್ ಕರೆ ಬಂದಾಗ ಗುರುತನ್ನು ಹೊಸದು ಮಾಡುವುದು.

ಪರೀಕ್ಷೆಗೆ ಸಾವಿರಾರು ಫೈಲು ಬೇಡ. ಸಿ ಲೈಬ್ರರಿ ಬಿಟ್ಟು ನೇರ ಸಿಸ್ಟಂ ಕಾಲ್, 256 ಬೈಟಿನ ಬಫರ್. 20 ಫೈಲಿಗೆ ಹಳೇ ಕೋಡು 6 ಉಳಿಸುತ್ತಿತ್ತು. ಹೊಸದಕ್ಕೆ ಲಕ್ಷದಷ್ಟು ಫೈಲು ಕೊಟ್ಟರೂ ಉಳಿಕೆ ಸೊನ್ನೆ. ಪ್ಯಾಚು ಹೆಚ್ಚೆಂದರೆ ಎಪ್ಪತ್ತೆಂಬತ್ತು ಸಾಲು, ಲಾಕ್ ಒಂದನ್ನೂ ಮುಟ್ಟಿಲ್ಲ.