ಸ್ವಿಮ್ಮಿಂಗ್ ಪೂಲ್ ಇರುವ ಮನೆ ತಗೊಂಡ ಕಥೆ

ಮನೆ ನೋಡಲು ಹೋದ ದಿನ ನಾನು ಮನೆಯನ್ನು ನೋಡಲೇ ಇಲ್ಲ. ಗೇಟು, ಹಾಲ್ ದಾಟಿ ಅಡುಗೆಮನೆ ಪಕ್ಕದ ಗಾಜಿನ ಬಾಗಿಲು ಸರಿಸಿದರೆ ಹಿತ್ತಲ ತುಂಬಾ ನೀಲಿ ನೀರು. ಅಲ್ಲಿಗೆ ಮುಗೀತು. ಬ್ರೋಕರ್ ಒಳಗೆ ವಾರ್ಡ್‌ರೋಬು, ಪೂಜಾ ರೂಮು ಅಂತ ತೋರಿಸುತ್ತಿದ್ದರು. ನಾನು ಪ್ಯಾಂಟು ಮಡಚಿ, ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದೆ.

ನಾನು ಈಜು ಕಲಿತದ್ದು ತುಮಕೂರು ಕಡೆಯ ನಮ್ಮೂರ ತೋಟದ ಬಾವಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಚಿಕ್ಕಪ್ಪ ದಡದಿಂದ ತಳ್ಳುತ್ತಿದ್ದರು, ಬುರುಡೆ ತೇಲಿಸುತ್ತಿತ್ತು. ಆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಹಾಗಾಗಿ ಮನೆಯಲ್ಲೇ ಪೂಲ್ ಅಂದ ಕೂಡಲೇ ನನ್ನ ತಲೆಯ ಲೆಕ್ಕ ಹಾಕುವ ಭಾಗ ಬಾಗಿಲು ಹಾಕಿಕೊಂಡಿತು ಅಂತಲೇ ಹೇಳಬೇಕು.

ಇದು 2024ರ ಮಾರ್ಚ್ ಮಾತು. ಮನೆ ಇದ್ದದ್ದು ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ದಾಟಿ ಇನ್ನೂ ಮುಂದೆ. ಪಂಚಾಯಿತಿ ಜಾಗ, ಕಾವೇರಿ ನೀರಿಲ್ಲ, ಬೋರ್‌ವೆಲ್ಲೇ ಗತಿ. ಆ ಬೇಸಿಗೆ ಬೆಂಗಳೂರಿನವರಿಗೆ ಮರೆತಿರಲಿಕ್ಕಿಲ್ಲ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಪೂಲ್‌ಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಾವು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಪೂಲ್ ಬತ್ತಿ, ಮಕ್ಕಳು ಅದರೊಳಗೆ ಇಳಿದು ಕ್ರಿಕೆಟ್ ಆಡುತ್ತಿದ್ದರು. ಇಂಥ ಹೊತ್ತಿನಲ್ಲಿ ಒಬ್ಬರ ಹಿತ್ತಲಲ್ಲಿ ಅಷ್ಟು ನೀರು ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಕೇಳಿದ್ದು ನನ್ನ ಹೆಂಡತಿ. ಅದೂ ವಾಪಸ್ ಬರುವಾಗ ಕಾರಿನಲ್ಲಿ.

"ರೀ, ಆ ರಸ್ತೆ ತಿರುವಿನಲ್ಲಿ ಕೊಡ ಸಾಲಾಗಿ ಇಟ್ಟಿದ್ರು, ನೋಡಿದ್ರಾ?"

ನೋಡಿರಲಿಲ್ಲ.

ಮುಂದಿನ ಶನಿವಾರ ಟೇಪು ಹಿಡಿದು ಹೋದೆ. ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ತುದಿಯಲ್ಲಿ 1 ಮೀಟರ್ ಆಳ, ಇನ್ನೊಂದು ತುದಿಯಲ್ಲಿ ಒಂದೂವರೆ. ಸರಾಸರಿ ಒಂದೂಕಾಲು ಹಿಡಿದರೆ 40 ಘನ ಮೀಟರ್, ಅಂದರೆ 40,000 ಲೀಟರ್. 6,000 ಲೀಟರಿನ ಟ್ಯಾಂಕರ್ ಸುಮಾರು ಏಳು ಬರಬೇಕು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ಆ ತಿಂಗಳು ದರ ಕಟ್ಟಿತ್ತು. ಟ್ಯಾಂಕರಿನವನಿಗೆ ಫೋನ್ ಮಾಡಿ ಆ ದರ ಹೇಳಿದರೆ ಆತ ನಕ್ಕ. ಸಿಟ್ಟಿನಿಂದಲ್ಲ, ಪಾಪ ಅನ್ನುವ ಹಾಗೆ.

ಒಂದು ಸಲ ತುಂಬಿಸುವ ಖರ್ಚು ಬಿಡಿ, ಅದು ಸಹಿಸಬಹುದು. ದಿನಾ ಎಷ್ಟು ಹೋಗುತ್ತದೆ ಅನ್ನುವುದೇ ಮುಖ್ಯ. ಅದನ್ನು ಕಂಡುಹಿಡಿಯಲು ಒಂದು ಬಕೆಟ್ ಸಾಕು. ಪೂಲ್ ಮನೆ ಕೊಳ್ಳಲು ಹೊರಟವರು ಮಿಕ್ಕ ಏನು ಮಾಡದಿದ್ದರೂ ಇದೊಂದು ಮಾಡಿ.

ಬಕೆಟ್ಟಿಗೆ ಪೂಲಿನದೇ ನೀರು ತುಂಬಿ, ಪೂಲಿನ ಮೊದಲ ಅಥವಾ ಎರಡನೇ ಮೆಟ್ಟಿಲ ಮೇಲೆ ಇಡಬೇಕು. ತೇಲದ ಹಾಗೆ ಒಳಗೊಂದು ಕಲ್ಲು. ಬಕೆಟ್ ಒಳಗಿನ ನೀರಿನ ಮಟ್ಟಕ್ಕೆ ಒಂದು ಗುರುತು, ಪೂಲ್ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಇನ್ನೊಂದು ಗುರುತು. ಪಂಪ್ ಆಫ್ ಮಾಡಿ 24 ಗಂಟೆ ಬಿಡಬೇಕು. ಯಾರೂ ಇಳಿಯಬಾರದು, ನೀರು ಬಿಡಬಾರದು. ಬಿಸಿಲಿಗೆ ಎರಡೂ ಕಡೆ ಒಂದೇ ಸಮ ಆರುತ್ತದೆ. ಪೂಲ್ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಆ ಜಾಸ್ತಿ ನೀರು ಬಿಸಿಲಿಗೆ ಹೋಗಿಲ್ಲ, ಮಣ್ಣಿಗೆ ಹೋಗಿದೆ.

ಮನೆಯ ಯಜಮಾನರಿಗೆ ಇದು ಅಷ್ಟು ಇಷ್ಟವಾಗಲಿಲ್ಲ. "ಇಷ್ಟು ದೊಡ್ಡ ಮನೆ ತಗೊಳ್ಳೋರು ಬಕೆಟ್ ಇಡ್ತೀರಲ್ಲ ಸಾರ್" ಅಂದರು. ಆದರೂ ಒಪ್ಪಿದರು. ಗುರುತಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಬಂದೆ. ಮಾರನೇ ದಿನ ಅದೇ ಹೊತ್ತಿಗೆ ಹೋಗಿ ಸ್ಕೇಲ್ ಹಿಡಿದರೆ ಬಕೆಟ್ಟಿನಲ್ಲಿ 6 ಮಿಲಿಮೀಟರ್ ಇಳಿದಿತ್ತು, ಪೂಲಿನಲ್ಲಿ 20.

14 ಮಿಲಿಮೀಟರ್ ಅಂದರೆ ಬೆರಳಿನ ಅಗಲ. ಕಣ್ಣಿಗೆ ಏನೂ ಅಲ್ಲ. ಆದರೆ ಪೂಲಿನ ಮೇಲ್ಮೈ 32 ಚದರ ಮೀಟರ್. ಗುಣಿಸಿದರೆ ದಿನಕ್ಕೆ 448 ಲೀಟರ್ ಸೋರಿಕೆ. ಬಿಸಿಲಿಗೆ ಆರುವ 192 ಲೀಟರ್ ಬೇರೆ. ಒಟ್ಟು 640.

ಆ ಪೂಲ್ ನೋಡಿಕೊಳ್ಳಲು ವಾರಕ್ಕೆ ಎರಡು ದಿನ ಬರುತ್ತಿದ್ದ ಹುಡುಗನೊಬ್ಬ ಗೇಟಿನ ಹತ್ತಿರ ಸಿಕ್ಕ. ಬ್ರೋಕರ್ ದೂರದಲ್ಲಿದ್ದರು. ಸುಮ್ನೆ ಕೇಳಿದೆ, ನೀರು ಎಲ್ಲಿಂದ ಅಂತ. "ಬೋರು ಜನವರಿಯಲ್ಲೇ ಕೈ ಕೊಡ್ತು ಸಾರ್. ವಾರಕ್ಕೊಂದು ಟ್ಯಾಂಕರ್ ಹೊಡೆಸ್ತಾರೆ." ವಾರಕ್ಕೆ 640ರ ಲೆಕ್ಕದಲ್ಲಿ 4,480 ಲೀಟರ್. ಸ್ಯಾಂಡ್ ಫಿಲ್ಟರ್ ತೊಳೆಯಲು ವಾರಕ್ಕೊಮ್ಮೆ ನೀರು ಹಿಮ್ಮುಖವಾಗಿ ಹಾಯಿಸಿ ಚೆಲ್ಲುವುದು ಬೇರೆ. ಹೆಚ್ಚುಕಡಿಮೆ ಒಂದು ಟ್ಯಾಂಕರೇ. ನನ್ನ ಬಕೆಟ್ ಲೆಕ್ಕ, ಹುಡುಗನ ಮಾತು ತಾಳೆಯಾದವು.

ಅವನೇ ಇನ್ನೊಂದು ತೋರಿಸಿದ. ಪಂಪ್ ಆನ್ ಮಾಡಿ ಇನ್ನೊಂದು ದಿನ ಅಳೆದೆವು, ಸೋರಿಕೆ ಅಷ್ಟೇ. ಹಾಗಾದರೆ ತೊಂದರೆ ಪೈಪಿನಲ್ಲಿ ಅಲ್ಲ, ತೊಟ್ಟಿಯಲ್ಲೇ ಇದೆ ಅಂದ. ಸಿರಿಂಜಿನಲ್ಲಿ ಕೇಸರಿಬಾತಿಗೆ ಹಾಕುವಂಥ ಬಣ್ಣದ ನೀರು ತುಂಬಿಕೊಂಡು ಇಳಿದು, ನೀರು ಅಲುಗದ ಹಾಗೆ ನಿಂತು, ಟೈಲ್ಸ್ ಸಂದಿಗಳ ಹತ್ತಿರ ಒಂದೊಂದೇ ತೊಟ್ಟು ಬಿಟ್ಟ. ಎಲ್ಲ ಕಡೆ ಬಣ್ಣ ಹೊಗೆಯ ಹಾಗೆ ಹರಡಿಕೊಂಡಿತು. ಗೋಡೆಯೊಳಗಿನ ಲೈಟಿನ ಪಕ್ಕ ಮಾತ್ರ ಹರಡಲಿಲ್ಲ. ಸಣ್ಣ ದಾರವಾಗಿ ಗೋಡೆಯ ಕಡೆ ತಿರುಗಿ ಸಂದಿಯೊಳಗೆ ನುಸುಳಿ ಮಾಯವಾಯಿತು. ನಾನು ಮಂಡಿಯೂರಿ ನೋಡುತ್ತಿದ್ದೆ. ಯಜಮಾನರೂ ನೋಡಿದರು. ಆಮೇಲೆ ಅವರು ಬಕೆಟ್ ಮಾತು ಎತ್ತಲಿಲ್ಲ.

ಸೋರಿಕೆ ಮುಚ್ಚಬಹುದು, ಅದು ದೊಡ್ಡ ವಿಷಯವಲ್ಲ. ಉಳಿದ ಖರ್ಚು? ಒಂದೂವರೆ ಹೆಚ್‌ಪಿ ಪಂಪ್ ದಿನಕ್ಕೆ 8 ಗಂಟೆ ಓಡಿದರೆ ಸುಮಾರು 9 ಯೂನಿಟ್, ತಿಂಗಳಿಗೆ 270. ಗೃಹಜ್ಯೋತಿಯ ಮಿತಿಯೇ 200. ಅಂದರೆ ಪೂಲ್ ಇರುವ ಗೃಹದಲ್ಲಿ ಆ ಜ್ಯೋತಿ ಹತ್ತುವುದೇ ಇಲ್ಲ. ಏಪ್ರಿಲ್‌ನಿಂದ ಬಂದ ಯೂನಿಟ್ಟಿಗೆ 5.90 ರೂಪಾಯಿ ದರದಲ್ಲಿ ಪಂಪಿಗೇ 1,600. ಜೊತೆಗೆ ಕ್ಲೋರಿನ್, ಆಸಿಡ್, ಹುಡುಗನ ಸಂಬಳ. ಬೋರ್ ನೀರು ಗಡಸು, ನೀರಿನ ಅಂಚಿನ ಟೈಲ್ಸ್ ಮೇಲೆ ಆಗಲೇ ಬಿಳಿ ಪೊರೆ ಕೂತಿತ್ತು.

ಮನೆಯಲ್ಲಿ ಮಾತ್ರ ನಾನಿನ್ನೂ ಪೂಲ್ ಪರವಾಗಿಯೇ ವಾದಿಸುತ್ತಿದ್ದೆ. "ಸೋರಿಕೆ ಸರಿ ಮಾಡಿಸೋಣ, ಪಂಪ್ ಟೈಮ್ ಕಡಿಮೆ ಮಾಡೋಣ." ಆ ವಾದ ನಿಂತದ್ದು ಮಗಳಿಂದ. ಮೂರನೇ ಸಲ ಹೋದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆವು. ಆಗ ಅವಳಿಗೆ ಐದು ವರ್ಷ. ನಾವು ನಾಲ್ಕು ಜನ ದೊಡ್ಡವರು ಹಾಲ್‌ನಲ್ಲಿ ಖಾತೆ, ಕಂದಾಯದ ಮಾತಾಡುತ್ತಿದ್ದೆವು. ಚೆಂಡು ಉರುಳಿ ನೀರಿಗೆ ಬಿತ್ತು. ಅವಳು ಅಂಚಿನಲ್ಲಿ ಮಂಡಿಯೂರಿ, ಒಂದು ಕೈ ನೆಲಕ್ಕೂರಿ ಇನ್ನೊಂದು ಕೈ ಚಾಚುತ್ತಿದ್ದಳು. ಸದ್ದಿಲ್ಲ. ಕಂಡದ್ದು ನನ್ನ ಅಮ್ಮನಿಗೆ. ಏನೂ ಆಗಲಿಲ್ಲ. ಆದರೆ ಅಡುಗೆಮನೆಯಿಂದ ಪೂಲ್‌ಗೆ ಹತ್ತು ಹೆಜ್ಜೆ, ನಡುವೆ ಇರುವುದು ಸರಿಸುವ ಬಾಗಿಲೊಂದೇ. ಬೇಲಿ, ತಾನಾಗೇ ಮುಚ್ಚಿಕೊಳ್ಳುವ ಗೇಟು ಹಾಕಿಸೋಣ ಅಂದೆ. "ಬಾಗಿಲಿಗೆ ಬೀಗ ಹಾಕ್ತೀಯ ಸರಿ. ದಿನಾ ಹಾಕ್ತೀಯಾ?" ಅಂದರು ಅಮ್ಮ. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.

ಅಮ್ಮನದು ಇನ್ನೊಂದು ತಕರಾರೂ ಇತ್ತು. ಪೂಲ್ ಇದ್ದದ್ದು ನೈರುತ್ಯದಲ್ಲಿ. "ನೈರುತ್ಯದಲ್ಲಿ ಗುಂಡಿ ಇರೋ ಮನೆ ಯಾರಾದ್ರೂ ತಗೋತಾರೇನೋ?" ಬ್ರೋಕರ್ ಹತ್ತಿರ ಇದಕ್ಕೂ ಮದ್ದಿತ್ತು, ಒಂದು ಕನ್ನಡಿ ತೂಗುಹಾಕಿದರೆ ಸಾಕಂತೆ. ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಆದರೆ ನಾಳೆ ನಾನು ಮಾರಲು ಹೊರಟರೆ ಬರುವವರಲ್ಲಿ ಅರ್ಧ ಜನ ಅಮ್ಮನ ಹಾಗೆ ಗೇಟಿನಿಂದಲೇ ವಾಪಸ್ ಹೋಗುತ್ತಾರೆ ಅನ್ನುವುದರಲ್ಲಿ ಪೂರ್ತಿ ನಂಬಿಕೆ ಇದೆ. ವರ್ಷದಿಂದ ಆ ಮನೆ ಮಾರಾಟವಾಗದೆ ಉಳಿದದ್ದಕ್ಕೆ ಇದೂ ಕಾರಣ ಅಂತ ಆಮೇಲೆ ಗೊತ್ತಾಯಿತು. ಚೌಕಾಸಿಗೆ ನನಗೆ ಸಿಕ್ಕಿದ ಒಳ್ಳೆಯ ಅಸ್ತ್ರ ಅದೇ.

ಇನ್ನೆರಡು ಕಡೆಯಿಂದಲೂ ಪೂಲಿನ ಬೆಲೆ ಇಳಿಯಿತು. ವಕೀಲರು ಮಂಜೂರಾದ ನಕ್ಷೆ ತೆಗೆದು ನೋಡಿದರೆ ಅದರಲ್ಲಿ ಪೂಲೇ ಇರಲಿಲ್ಲ. ಬ್ಯಾಂಕ್ ಕಡೆಯಿಂದ ಬೆಲೆ ಕಟ್ಟಲು ಬಂದವರು ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು ಅಂತ ಬರೆದು ಪೂಲ್‌ಗೆ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ.

ನನ್ನ ಆಸೆ ಪೂರ್ತಿ ಇಳಿದದ್ದು ಇದ್ಯಾವುದರಿಂದಲೂ ಅಲ್ಲ. ಒಂದು ರಾತ್ರಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಯೋಚಿಸಿದೆ. ಬೆಂಗಳೂರಿನಲ್ಲಿ ನೀರಿಗೆ ಇಳಿಯಬೇಕು ಅನ್ನಿಸುವುದು ಮಾರ್ಚ್, ಏಪ್ರಿಲ್, ಮೇ. ಆಗಲೇ ನೀರಿಲ್ಲ. ಮಳೆ ಚೆನ್ನಾಗಿ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಗ ಪೂಲ್ ತುಂಬಿದರೂ ಹೊರಗೆ ಮೋಡ, ಚಳಿಗಾಳಿ. ನವೆಂಬರ್, ಡಿಸೆಂಬರ್‌ನಲ್ಲಿ ಆ ನೀರಿಗೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಈಜುವ ತಿಂಗಳಲ್ಲಿ ನೀರಿಲ್ಲ, ನೀರಿರುವ ತಿಂಗಳಲ್ಲಿ ಈಜುವವರಿಲ್ಲ. ನಮ್ಮೂರ ಬಾವಿಯಲ್ಲೂ ನಾವು ಧುಮುಕುತ್ತಿದ್ದದ್ದು ಬೇಸಿಗೆ ರಜದಲ್ಲೇ. ಆಗ ಬೇಸಿಗೆಯಲ್ಲೂ ಬಾವಿಯಲ್ಲಿ ನೀರಿರುತ್ತಿತ್ತು, ವ್ಯತ್ಯಾಸ ಅಷ್ಟೇ.

ಹಾಗಾದರೆ ಮನೆ ಬೇಡವಾ? ಬೇಕಿತ್ತು. ಗಾಳಿ ಬೆಳಕು ಚೆನ್ನಾಗಿತ್ತು, ಮಗಳ ಶಾಲೆ ಹತ್ತಿರ, ಅಮ್ಮನಿಗೆ ಕೆಳಗೇ ರೂಮು. ಬೇಡವಾಗಿದ್ದು ಪೂಲ್ ಮಾತ್ರ. ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋದೆ. ಮಣ್ಣು ತುಂಬಿ ಮುಚ್ಚಬಹುದು, ಆದರೆ ತಳದ ಕಾಂಕ್ರೀಟ್ ಒಡೆಯದೆ ಮುಚ್ಚಿದರೆ ಮಳೆ ನೀರು ಅಲ್ಲೇ ನಿಂತು ಮೇಲೆಲ್ಲ ಕೆಸರಾಗುತ್ತದೆ ಅಂದರು. ಖಾಲಿ ಬಿಟ್ಟರೆ ಸೊಳ್ಳೆ. ಆಮೇಲೆ ಅವರೇ ಕೇಳಿದರು: "ಇದನ್ನ ಪೂಲ್ ಅಂತ ಯಾಕೆ ನೋಡ್ತೀರಿ? ಕಟ್ಟಿ ರೆಡಿ ಇರೋ ಸಂಪು ಅಲ್ವಾ ಇದು?"

ಚಾವಣಿ 1,500 ಚದರ ಅಡಿ, ಸುಮಾರು 140 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಿದ್ದರೆ ಸೋರಿಹೋಗುವುದು ಕಳೆದು 1,100 ಲೀಟರ್ ಕೈಗೆ ಸಿಗುತ್ತದೆ. ಬೆಂಗಳೂರಿನ ವರ್ಷದ ಮಳೆ 900 ಮಿಲಿಮೀಟರಿಗಿಂತ ಜಾಸ್ತಿ. ಅಂದರೆ ಆ ತೊಟ್ಟಿ ವರ್ಷಕ್ಕೆ ಎರಡು ಸಲ ತುಂಬುವಷ್ಟು. ಬೋರ್ ಕೈಕೊಡುವ ಆ ರಸ್ತೆಯಲ್ಲಿ 40,000 ಲೀಟರಿನ ಸಂಪು ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಯಜಮಾನರ ಹತ್ತಿರ ನೇರವಾಗಿಯೇ ಮಾತಾಡಿದೆ. ಪೂಲ್‌ಗೆ ನಾನು ದುಡ್ಡು ಕೊಡುವುದಿಲ್ಲ, ಅದನ್ನು ಮುಚ್ಚುವ ಖರ್ಚನ್ನೂ ಕಳೆಯಬೇಕು ಅಂದೆ. ಕಟ್ಟಿಸುವಾಗ ತಾನು ಎಷ್ಟು ಸುರಿದಿದ್ದೆ ಅಂತ ಹೇಳಿಕೊಂಡರು. ಪಾಪ, ಅದು ನಿಜವೇ. ಆದರೆ ಅವರ ಆಸೆಗೆ ನಾನು ಸಾಲ ತೀರಿಸಲಾಗುತ್ತದಾ? ಎರಡು ತಿಂಗಳು ಮಾತಿಲ್ಲ ಕತೆಯಿಲ್ಲ. ಜೂನ್‌ನಲ್ಲಿ ಅವರೇ ಫೋನ್ ಮಾಡಿದರು. ಮೊದಲು ಹೇಳಿದ್ದಕ್ಕಿಂತ 9 ಲಕ್ಷ ಕಡಿಮೆಗೆ ಮುಗಿಯಿತು. ಜುಲೈನಲ್ಲಿ ರಿಜಿಸ್ಟ್ರೇಷನ್.

ಲೈಟ್ ಕಿತ್ತು ಆ ಸಂದಿ ಮುಚ್ಚಿಸಿದೆವು, ಮತ್ತೆ ಬಕೆಟ್ ಇಟ್ಟು ನೋಡಿದೆವು. ಎರಡೂ ಕಡೆ ಸಮ. ಆಮೇಲೆ ನಡುವೆ ಬೀಮ್ ಕೊಟ್ಟು ಮೇಲೆ ಸ್ಲ್ಯಾಬ್. ಚಾವಣಿಯ ಪೈಪ್‌ಗೆ ಫಿಲ್ಟರ್, ಮೊದಲ ಮಳೆಯ ಕೊಳಕು ನೀರು ಹೊರಗೆ ಬಿಡಲು ಒಂದು ವಾಲ್ವ್. ಎಲ್ಲ ಸೇರಿ ಎರಡೂವರೆ ಲಕ್ಷ ಚಿಲ್ಲರೆ. ಅಕ್ಟೋಬರ್ ಮಧ್ಯದಲ್ಲಿ ಜಡಿಮಳೆ ಹಿಡಿಯಿತಲ್ಲ, ತಿಂಗಳು ಮುಗಿಯುವ ಹೊತ್ತಿಗೆ ತೊಟ್ಟಿ ಮುಕ್ಕಾಲು ತುಂಬಿತ್ತು. ಕಾವೇರಿ ಐದನೇ ಹಂತದ ನೀರು 110 ಹಳ್ಳಿಗಳಿಗೆ ಅಂತ ಅದೇ ತಿಂಗಳು ಉದ್ಘಾಟನೆಯಾಯಿತು. ಆ ಪಟ್ಟಿಯಲ್ಲಿ ನಮ್ಮ ಹಳ್ಳಿ ಇಲ್ಲ.

ಸ್ಲ್ಯಾಬ್ ಮೇಲೆ ಈಗ ಮಗಳು ಸೈಕಲ್ ಹೊಡೆಯುತ್ತಾಳೆ. ಅಮ್ಮ ಹಪ್ಪಳ ಒಣಗಿಸುತ್ತಾರೆ, ನೈರುತ್ಯದ ಮಾತು ಎತ್ತುವುದಿಲ್ಲ. ಕಬ್ಬಿಣದ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ ಕೆಳಗೆ ನೀಲಿ ಟೈಲ್ಸ್, ಸ್ಟೀಲ್ ಏಣಿ ಹಾಗೇ ಕಾಣುತ್ತವೆ. ನೀರು ಎಷ್ಟಿದೆ ಅಂತ ಆ ಏಣಿಯ ಮೆಟ್ಟಿಲು ಎಣಿಸಿಯೇ ನೋಡುತ್ತೇವೆ. ಇವತ್ತು ಬೆಳಿಗ್ಗೆ ಎರಡು ಮೆಟ್ಟಿಲು ಮುಳುಗಿದ್ದವು.