ತಾರಸಿ ಸೋಲಾರ್: ವೈರಿಂಗ್‌ನಲ್ಲಿ ತಪ್ಪುವುದೆಲ್ಲಿ?

ಬೆಸ್ಕಾಂ ಗ್ರಿಡ್‌ಗೆ ಸೇರಿಸದ ಸಣ್ಣ ಸೋಲಾರ್ ಅಂದರೆ 330 ವ್ಯಾಟ್‌ನ ಎರಡು ಪ್ಯಾನೆಲ್, ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ), 1 ಕೆವಿಎ ಇನ್ವರ್ಟರ್ ಎಂದುಕೊಳ್ಳೋಣ. ಮನೆ ವೈರಿಂಗ್ ಚೆನ್ನಾಗಿ ಬಲ್ಲವರೂ ಎಡವುವುದು ಇದರ ಡಿಸಿ ಭಾಗದಲ್ಲೇ, ಅಂದರೆ ಪ್ಯಾನೆಲ್‌ನಿಂದ ಬ್ಯಾಟರಿ, ಇನ್ವರ್ಟರ್‌ವರೆಗೆ ಕರೆಂಟ್ ಒಂದೇ ದಿಕ್ಕಿಗೆ ಹರಿಯುವ ಭಾಗದಲ್ಲಿ.

ಮೊದಲು ವೋಲ್ಟೇಜ್ ಲೆಕ್ಕ. ಇಂಥ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿರುವಾಗಿನ ವೋಲ್ಟೇಜ್) ಸುಮಾರು 46. ಎರಡನ್ನು ಸೀರೀಸ್ ಮಾಡಿದರೆ 92. ಆದರೆ ಅದು 25 ಡಿಗ್ರಿಯ ಲೆಕ್ಕ. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಬಿಸಿಲು ಬೀಳುವಾಗ ಪ್ಯಾನೆಲ್ ತಣ್ಣಗಿರುತ್ತದೆ, ವೋಲ್ಟೇಜ್ ಶೇ 4–5 ಏರುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್‌ನ ಮಿತಿ 100 ವೋಲ್ಟ್ ಆಗಿದ್ದರೆ ಅದು ಅಂಚಿಗೆ ಬಂದು ನಿಲ್ಲುತ್ತದೆ. 150 ವೋಲ್ಟ್‌ನ 30 ಆಂಪಿಯರ್ ಎಂಪಿಪಿಟಿಯನ್ನೇ (ಪ್ಯಾನೆಲ್‌ನಿಂದ ಗರಿಷ್ಠ ಶಕ್ತಿ ಎಳೆಯುವ ಬಗೆಯ ಕಂಟ್ರೋಲರ್) ಕೊಳ್ಳಿ.

ಸೀರೀಸ್‌ನಿಂದ ಕೇಬಲ್‌ಗೂ ಲಾಭ. ತಾರಸಿಯಿಂದ 15 ಮೀಟರ್ ದೂರಕ್ಕೆ 4 ಚದರ ಮಿ.ಮೀ. ತಾಮ್ರದ ಸೋಲಾರ್ ಕೇಬಲ್ ಎಳೆದರೆ, 9 ಆಂಪಿಯರ್‌ಗೆ ನಷ್ಟ ಸುಮಾರು 1.3 ವೋಲ್ಟ್. ಪ್ಯಾರಲಲ್ ಮಾಡಿದರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕರೆಂಟ್ ಇಮ್ಮಡಿ, ನಷ್ಟವೂ ಇಮ್ಮಡಿ, ವೋಲ್ಟೇಜ್ ಮಾತ್ರ ಅರ್ಧ. ಮನೆಯೊಳಗಿನ ಪಿವಿಸಿ ವೈರ್ ಬಿಸಿಲಿಗೆ ಬಿರುಕು ಬಿಡುತ್ತದೆ, ಬೇಡ.

ಈಗ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಕಡಿಯುವ ಸ್ವಿಚ್. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ‘ಡಿಸಿ’ ಎಂದು ಒತ್ತಿ ಹೇಳಿ, ಮೇಲೆ ಮುದ್ರಿಸಿರುವ ಡಿಸಿ ವೋಲ್ಟೇಜ್ ಓದಿ. ಎಸಿ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಎಸಿ ಎಂಸಿಬಿಯೊಳಗೆ ಕಿಡಿ ಉರಿಯುತ್ತಲೇ ಇದ್ದು ಡಬ್ಬಿಯೇ ಕರಗಬಹುದು. ಕೆಲವು ಡಿಸಿ ಎಂಸಿಬಿಗಳಿಗೆ ಪ್ಲಸ್–ಮೈನಸ್ ದಿಕ್ಕೂ ಇದೆ, ತಿರುಗಿಸಿ ಹಾಕಿದರೆ ಅದೂ ಎಸಿ ಎಂಸಿಬಿಯಷ್ಟೇ ಅಪಾಯ.

ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ, ಒಂದಡಿಯೊಳಗೆ, ಡಿಸಿ ಫ್ಯೂಸ್. ಪೂರ್ಣ ಲೋಡ್‌ನಲ್ಲಿ ಇನ್ವರ್ಟರ್ 45 ಆಂಪಿಯರ್‌ವರೆಗೆ ಎಳೆಯುತ್ತದೆ. 63 ಆಂಪಿಯರ್ ಫ್ಯೂಸ್, 16 ಚದರ ಮಿ.ಮೀ. ಕೇಬಲ್ ಸರಿ. ಟ್ಯೂಬುಲರ್ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಬೀರುವಿನಲ್ಲಿ ಮುಚ್ಚಿಡಬೇಡಿ.

ಅರ್ಥಿಂಗ್‌ಗೆ ಐಎಸ್ 3043 ನಿಯಮ. ಪ್ಯಾನೆಲ್ ಚೌಕಟ್ಟಿನ ಅಲ್ಯೂಮಿನಿಯಂ ಮೇಲೆ ಆನೋಡೈಸಿಂಗ್ ಪದರ ಇರುತ್ತದೆ, ಅದು ಕರೆಂಟ್ ಹರಿಸದು. ಅರ್ಥ್ ತಂತಿ ಕಟ್ಟುವಲ್ಲಿ ಹಲ್ಲಿರುವ ವಾಷರ್ ಅದನ್ನು ಕೆರೆದು ಕಚ್ಚಬೇಕು. ಇನ್ವರ್ಟರ್ ನ್ಯೂಟ್ರಲ್ ಭೂಮಿಗೆ ಸೇರದೆ ತೇಲುತ್ತಿದ್ದರೆ ಸೋರಿಕೆಯಾದಾಗ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಎಲ್ಲಿ, ಹೇಗೆ ಸೇರಿಸಬೇಕೆಂದು ಇನ್ವರ್ಟರ್ ಕೈಪಿಡಿ ನೋಡಿಯೇ ತೀರ್ಮಾನಿಸಿ.

ಮನೆಗೆ ಬೆಸ್ಕಾಂ ಸಂಪರ್ಕವೂ ಇದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ (ಒಮ್ಮೆಗೆ ಬೆಸ್ಕಾಂ ಅಥವಾ ಸೋಲಾರ್ ಒಂದನ್ನೇ ಮನೆಗೆ ಸೇರಿಸುವುದು) ಹಾಕಿಸಿ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹಿಂದೆ ಹರಿಯಬಾರದು. ಈ ಕೆಲಸ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಗೇ ಬಿಡಿ.